ಉಪಭೋಗವು ಭೋಗವಾದ ಬಗೆ: ಅಡುಗೆಮನೆಯ ಕಾಗದದ ಕುರಿತು



ಗೃಹಸ್ಥನು ಬಳಸುವ ವಸ್ತುಗಳನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎರಡಾಗಿ ವಿಂಗಡಿಸಿದ್ದಾರೆ. ಒಮ್ಮೆ ಬಳಸಿ ಬಿಡತಕ್ಕದ್ದು ಭೋಗ. ಬಳಸಿದ ಮೇಲೆಯೂ ಮತ್ತೆ ಬಳಕೆಗೆ ಒದಗುವಂಥದು ಉಪಭೋಗ. ಅನ್ನವು ಮೊದಲನೆಯದು, ವಸ್ತ್ರವು ಎರಡನೆಯದು. ಎರಡಕ್ಕೂ ಮಿತಿ ಹಾಕಿಕೊಳ್ಳುವುದೇ ಭೋಗೋಪಭೋಗ ಪರಿಮಾಣ ವ್ರತ.

ಮುಂಬಯಿ, ಪುಣೆ, ಚೆನ್ನೈಗಳ ಮನೆಗಳಲ್ಲಿ ಕೆಲವು ದಶಕಗಳಿಂದ ಒಂದು ಸದ್ದಿಲ್ಲದ ವರ್ಗಾಂತರ ನಡೆದಿದೆ. ಕೈ ಒರೆಸುವ ಬಟ್ಟೆಯ ಜಾಗಕ್ಕೆ ಟಿಶ್ಯೂ ಬಂದಿತು, ಕಟ್ಟೆ ಒರೆಸುವ ಅರಿವೆಯ ಜಾಗಕ್ಕೆ ಕಾಗದದ ಸುರುಳಿ ಬಂದಿತು, ಸ್ಟೀಲ್ ಲೋಟದ ಜಾಗಕ್ಕೆ ಪೇಪರ್ ಕಪ್ ಬಂದಿತು. ಉಪಭೋಗದ ವಸ್ತುಗಳೆಲ್ಲ ಒಂದೊಂದಾಗಿ ಭೋಗದ ಪಟ್ಟಿಗೆ ಸೇರಿದವು. ಅಷ್ಟಮಿ, ಚತುರ್ದಶಿಯಂದು ಹಸಿರು ತರಕಾರಿಯನ್ನು ಬಿಡುವ ಮನೆಯಲ್ಲಿಯೂ ಮರದ ತಿರುಳಿನಿಂದಾದ ಕಾಗದವು ಅದೇ ದಿನ ಸುರುಳಿಗಟ್ಟಲೆ ಬುಟ್ಟಿಗೆ ಬೀಳುತ್ತದೆ. ವನಸ್ಪತಿಕಾಯದ ಜೀವಕ್ಕೆ ಅಡುಗೆಯ ಕತ್ತಿಗಿಂತ ಕಾರ್ಖಾನೆಯ ಯಂತ್ರವು ಮೃದುವಾಗಿರುವುದೇ?

"ಕಾಗದವಲ್ಲವೇ, ಮಣ್ಣಿನಲ್ಲಿ ಮಣ್ಣಾಗುತ್ತದೆ" ಎಂಬುದು ಸಾಮಾನ್ಯ ಸಮಾಧಾನ. ಇದು ಅರ್ಧ ಸತ್ಯ. ಬಿಸಿ ಚಹಾ ಹಿಡಿಯುವ ಪೇಪರ್ ಕಪ್ಪಿನ ಒಳಮೈಗೆ ಸಾಮಾನ್ಯವಾಗಿ ಪಾಲಿಥಿಲೀನಿನ ತೆಳು ಪೊರೆ ಇರುತ್ತದೆ. ಇಲ್ಲವಾದರೆ ಕಪ್ಪು ನೆನೆದು ಸೋರುತ್ತದೆ. ಅಂಥ ಕಪ್ಪಿನಲ್ಲಿ 100 ಮಿಲಿಲೀಟರ್ ಬಿಸಿ ದ್ರವವು 15 ನಿಮಿಷ ಇದ್ದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಅದರಲ್ಲಿ ಬೆರೆಯುತ್ತವೆಂದು ಖರಗಪುರದ ಐಐಟಿ ಸಂಶೋಧಕರು 2020ರಲ್ಲಿ ತಿಳಿಸಿದರು. ನೀರನ್ನು ಬಟ್ಟೆಯಲ್ಲಿ ಗಾಳಿಸಿ ಕುಡಿಯುವ ಪರಂಪರೆಯವರು ಅದೇ ನೀರಿನ ಚಹಾವನ್ನು ಈ ಪೊರೆಯೊಳಗೆ ಸುರಿದುಕೊಳ್ಳುವುದು ವಿಚಿತ್ರವೇ ಸರಿ.

ಸರ್ಕಾರದ ನೀತಿಯೂ ಇಲ್ಲಿ ಅರೆಮನಸ್ಸಿನದು. 2022ರ ಜುಲೈ 1ರಿಂದ ಕೇಂದ್ರ ಸರ್ಕಾರವು ಏಕಬಳಕೆಯ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳನ್ನು ನಿಷೇಧಿಸಿತು. ನಿಷೇಧವಾದದ್ದು ಪದಾರ್ಥ, ಅಭ್ಯಾಸವಲ್ಲ; ತೆರವಾದ ಜಾಗಕ್ಕೆ ಕಾಗದ ಬಂದು ಕುಳಿತಿತು. ತಮಿಳುನಾಡು 2019ರ ಜನವರಿ 1ರಂದೇ ಪ್ಲಾಸ್ಟಿಕ್ ಲೇಪಿತ ಕಾಗದದ ತಟ್ಟೆ, ಕಪ್ಪುಗಳನ್ನೂ ನಿಷೇಧದ ಪಟ್ಟಿಗೆ ಸೇರಿಸಿದ್ದು ಹೆಚ್ಚು ವಿವೇಕದ ಕ್ರಮ. ಎಣ್ಣೆ, ಎಂಜಲು ಅಂಟಿದ ಕಾಗದವನ್ನು ರದ್ದಿಯವರೂ ಕೊಳ್ಳುವುದಿಲ್ಲ. ಅದನ್ನು ಕೊನೆಗೆ ಕೈಯಿಂದ ಬೇರ್ಪಡಿಸುವವರು ಪೌರಕಾರ್ಮಿಕರು.

ಪರ್ಯಾಯಗಳಿಗೆ ಅಂಗಡಿಗೆ ಹೋಗಬೇಕಾಗಿಲ್ಲ. ಹಳೆಯ ಹತ್ತಿ ಸೀರೆ, ಪಂಚೆಗಳನ್ನು ಅಂಗೈ ಎರಡರಷ್ಟು ಅಗಲಕ್ಕೆ ಕತ್ತರಿಸಿ ಅಂಚು ಹೊಲಿದರೆ ಮನೆಗೆ ಬೇಕಾಗುವಷ್ಟು ಒರೆಸು ಬಟ್ಟೆಗಳು ಸಿದ್ಧ. ಹೊಸ ಬಟ್ಟೆಗಿಂತ ಹಳೆಯದೇ ಮೇಲು. ಗಂಜಿ ಬಿಟ್ಟುಹೋದ ಹತ್ತಿ ನೀರನ್ನು ಬೇಗ ಹೀರುತ್ತದೆ. ಒಗೆಯುವಾಗ ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಬಾರದು, ಅದು ನೂಲಿಗೆ ಅಂಟಿ ಹೀರುವ ಗುಣವನ್ನು ಕುಂದಿಸುತ್ತದೆ. ಕಟ್ಟೆಗೊಂದು, ಕೈಗೊಂದು, ನೆಲಕ್ಕೊಂದು ಎಂದು ಬಣ್ಣ ಬೇರೆ ಮಾಡಿದರೆ ಮಡಿಯ ಪ್ರಶ್ನೆಯೂ ಬಗೆಹರಿಯುತ್ತದೆ. ಕರಿದ ಪೂರಿಯ ಎಣ್ಣೆ ಇಳಿಸಲು ಕಾಗದ ಬೇಡ. ತೂತಿನ ಸ್ಟೀಲ್ ತಟ್ಟೆಯ ಕೆಳಗೊಂದು ಬಟ್ಟಲನ್ನಿಟ್ಟರೆ ಸಾಕು.

ನೀರು ಹೆಚ್ಚು ಖರ್ಚಾಗುವುದೆಂಬ ಆಕ್ಷೇಪವುಂಟು. ಹತ್ತಾರು ತುಂಡುಗಳು ದಿನದ ಬಟ್ಟೆಯೊಡನೆಯೇ ಒಗೆತಕ್ಕೆ ಹೋಗುತ್ತವೆ. ತಿರುಳಿನಿಂದ ಕಾಗದ ಮಾಡಲೂ ನೀರು ಬೇಕು, ಅದು ಬಳಸುವವರ ಕಣ್ಣಿಗೆ ಬೀಳುವುದಿಲ್ಲ ಅಷ್ಟೆ. ಇದಕ್ಕಿಂತ ತೂಕದ ಆಕ್ಷೇಪ ಜೀವೋತ್ಪತ್ತಿಯದು. ಒದ್ದೆ ಅರಿವೆ ಮೂಲೆಯಲ್ಲಿ ಮುದ್ದೆಯಾಗಿ ಬಿದ್ದರೆ ಅಲ್ಲಿ ಜೀವಗಳು ಹುಟ್ಟುತ್ತವೆ. ಮುಂಬಯಿಯ ಮಳೆಗಾಲದಲ್ಲಿ ಇದು ನಿಜವಾದ ತೊಡಕು. ಆದ್ದರಿಂದ ಬಟ್ಟೆ ತೆಳುವಾಗಿರಬೇಕು, ಬಳಸಿದೊಡನೆ ಹಿಂಡಿ ಫ್ಯಾನಿನ ಕೆಳಗೆ ಹರವಬೇಕು, ಜೋಡಿಗಳ ಸಂಖ್ಯೆಯೂ ಹೆಚ್ಚಿರಬೇಕು. ನೀರು ಗಾಳಿಸುವ ಬಟ್ಟೆಯನ್ನು ಬೇರೆಯಾಗಿಟ್ಟು, ತೊಳೆದು, ಒಣಗಿಸಿ ಕಾಪಾಡಿದ ಮನೆತನಗಳಿಗೆ ಈ ಶಿಸ್ತು ಹೊಸದಲ್ಲ.

ಆದರೆ ಒಗೆಯುವವರು ಯಾರು? ಸುಧಾರಣೆಯ ಭಾಷಣಗಳು ಇಲ್ಲಿ ಮೌನ ತಾಳುತ್ತವೆ. ಕಾಗದವು ಮನೆಗೆ ಬಂದದ್ದು ಸೋಮಾರಿತನದಿಂದ ಮಾತ್ರವಲ್ಲ; ಕಚೇರಿಗೂ ಹೋಗಿ ಅಡುಗೆಯನ್ನೂ ಮಾಡುವ ಗೃಹಿಣಿಗೆ ಅದು ಅರ್ಧ ಗಂಟೆಯ ಬಿಡುವು ಕೊಟ್ಟಿತು. ವ್ರತ ಯಜಮಾನನದು, ಒಗೆತ ಸೊಸೆಯದು ಎಂದಾದರೆ ಅದು ಸುಧಾರಣೆಯಲ್ಲ. ಉಂಡವನು ತನ್ನ ಕೈವಸ್ತ್ರವನ್ನು ತಾನೇ ಹಿಂಡಿ ಹರವಲಿ. ಹತ್ತು ವರ್ಷದ ಮಗನಿಗೂ ಇದು ಕಷ್ಟದ ಕೆಲಸವಲ್ಲ.

ಇದೇ ಮಾತು ಸಮಾಜದ ಭೋಜನಗಳಿಗೂ ಸಲ್ಲುತ್ತದೆ. ದಶಲಕ್ಷಣ ಪರ್ವದ ಪಾರಣೆ, ಮಹಾವೀರ ಜಯಂತಿಯ ಊಟಗಳಲ್ಲಿ ಪೇಪರ್ ತಟ್ಟೆಗಳ ರಾಶಿ ಬೀಳುತ್ತದೆ. ಉದುರಿದ ಅಡಕೆ ಹಾಳೆಯಿಂದ ಒತ್ತಿದ ತಟ್ಟೆಯಾದರೆ ಮರ ಕಡಿಯುವ ದೋಷವಿಲ್ಲ, ಆದರೂ ಒಮ್ಮೆ ಬಳಸಿ ಎಸೆಯುವ ಚಾಳಿ ಉಳಿಯುತ್ತದೆ. ಒಂದೊಂದು ನಗರದ ಸಂಘವೂ ಇನ್ನೂರು ಸ್ಟೀಲ್ ತಟ್ಟೆ, ಲೋಟಗಳನ್ನು ಕೊಂಡು ಮನೆಯ ಶುಭಕಾರ್ಯಗಳಿಗೆ ಎರವಲು ಕೊಡಬಹುದು. ದಾನಿಗಳ ಹೆಸರನ್ನು ತಟ್ಟೆಯ ಅಂಚಿಗೆ ಕೆತ್ತಿಸಿದರೂ ಅಡ್ಡಿಯಿಲ್ಲ, ಹಣ ಬೇಗ ಕೂಡುತ್ತದೆ. ತೊಳೆಯುವ ಸರದಿಯ ಪಟ್ಟಿಯಲ್ಲಿ ಮಾತ್ರ ಮೊದಲ ಹೆಸರುಗಳು ಪದಾಧಿಕಾರಿಗಳವಾಗಿರಬೇಕು.