ಇಂದು ಸಂಜೆ ಕಚೇರಿ ಎಲ್ಲಿ?

(ಬಾನುಲಿ ಭಾಷಣ)

ಬೆಂಗಳೂರಿನಲ್ಲಿ ಸಂಗೀತವನ್ನು ಅರಸಿಕೊಂಡು ಹೊರಡುವವರು ಎರಡು ಬಗೆ. ಕಚೇರಿ ಎಲ್ಲಿದೆಯೆಂದು ಕೇಳುವ ರಸಿಕರು ಒಂದು ಬಗೆ. ಕಚೇರಿ ಎಲ್ಲಿ ದೊರೆತೀತೆಂದು ಕೇಳುವ ಕಲಾವಿದರು ಇನ್ನೊಂದು ಬಗೆ. ಮೊದಲನೆಯವರ ಕೆಲಸ ಸುಲಭ, ಎರಡನೆಯವರದು ಕಷ್ಟ. ಆ ಸುಲಭಕ್ಕೂ ಈ ಕಷ್ಟಕ್ಕೂ ಒಂದು ನಂಟು ಉಂಟು. ನಮ್ಮ ಬಡಾವಣೆಯ ಸಣ್ಣದೊಂದು ಸಂಗೀತ ಸಭೆಯ ಕಾರ್ಯಸಮಿತಿಯಲ್ಲಿ ಕೆಲವು ವರ್ಷ ದುಡಿದವನಾದ್ದರಿಂದ, ಆ ನಂಟನ್ನು ಕುರಿತು ನಾಲ್ಕು ಮಾತು ಹೇಳುವ ಧೈರ್ಯ ಮಾಡಿದ್ದೇನೆ.

ಮೊದಲು ರಸಿಕರ ಮಾತು. ಈ ಊರಿನಲ್ಲಿ ಕೇಳುವವನಿಗೆ ಬಡತನವಿಲ್ಲ. ಬೆಂಗಳೂರು ಗಾಯನ ಸಮಾಜ ಹುಟ್ಟಿದ್ದು 1905ರಲ್ಲಿ. ಮದರಾಸಿನ ಮ್ಯೂಸಿಕ್ ಅಕಾಡೆಮಿ ಸ್ಥಾಪನೆಯಾದದ್ದು 1928ರಲ್ಲಿ ಎಂಬುದನ್ನು ನೆನೆದರೆ ನಮ್ಮ ಸಮಾಜದ ಹಿರಿತನ ತಿಳಿದೀತು. ಚಾಮರಾಜಪೇಟೆಯ ಶ್ರೀರಾಮಸೇವಾ ಮಂಡಳಿ ಸ್ಥಾಪನೆಯಾದದ್ದು 1939ರಲ್ಲಿ. ಅದರ ರಾಮನವಮಿ ಸಂಗೀತೋತ್ಸವದಲ್ಲಿ, ಕೋಟೆ ಪ್ರೌಢಶಾಲೆಯ ಮೈದಾನದ ಚಪ್ಪರದೊಳಗೆ ಟಿಕೆಟ್ಟು ಕೊಂಡವರು ಕುರ್ಚಿಯ ಮೇಲೆ ಕುಳಿತರೆ, ಕೊಳ್ಳಲಾರದವರು ಹೊರಗೆ ರಸ್ತೆಯ ಬದಿಯಲ್ಲಿ ಕುಳಿತು ಅದೇ ತೋಡಿಯನ್ನು ಅಷ್ಟೇ ಸುಖದಿಂದ ಕೇಳಿದ್ದುಂಟು. ಏಳು ತಂತಿಯ ಪಿಟೀಲನ್ನು ಬಳಕೆಗೆ ತಂದ ಟಿ. ಚೌಡಯ್ಯನವರ ನೆನಪಿಗೆ ಪಿಟೀಲಿನ ಆಕಾರದಲ್ಲಿಯೇ ಕಟ್ಟಿದ ಸ್ಮಾರಕ ಭವನ 1980ರದು.

ಇವು ದೊಡ್ಡ ಹೆಸರುಗಳು. ಇವಲ್ಲದೆ ದೇವಸ್ಥಾನದ ಪ್ರಾಕಾರ, ಗಣೇಶೋತ್ಸವದ ಚಪ್ಪರ, ಶಾಲೆಯ ಹಜಾರ ಹೀಗೆ ಎಷ್ಟೋ ಜಾಗಗಳಲ್ಲಿ ಸಂಜೆಯಾಗುತ್ತಲೇ ಶ್ರುತಿ ಸೇರುತ್ತದೆ. ಬಹುಪಾಲು ಕಡೆ ಪ್ರವೇಶಧನವೇ ಇಲ್ಲ. ಹಿಂದೆ ಕಂಬಕ್ಕೆ ಅಂಟಿಸಿದ ಕರಪತ್ರವನ್ನೂ ಪತ್ರಿಕೆಯ ಮೂಲೆಯ ಪ್ರಕಟಣೆಯನ್ನೂ ನೋಡಿ ಹೊರಡುತ್ತಿದ್ದೆವು. ಈಗ ಆಹ್ವಾನ ಪತ್ರಿಕೆ ಕೈಯಲ್ಲಿನ ಫೋನಿಗೇ ಬಂದು ಬೀಳುತ್ತದೆ. ತಿಳಿಯಲಿಲ್ಲ ಎಂಬ ನೆಪ ಇನ್ನು ನಡೆಯದು.

ಇನ್ನು ಕಲಾವಿದರ ಮಾತು. ಹತ್ತು ಹನ್ನೆರಡು ವರ್ಷ ಗುರುಮುಖೇನ ಕಲಿತು, ಆಕಾಶವಾಣಿಯ ಧ್ವನಿಪರೀಕ್ಷೆಯಲ್ಲಿ ‘ಬಿ’ ಶ್ರೇಣಿ ಪಡೆದ ತರುಣಿಯೊಬ್ಬಳಿದ್ದಾಳೆ ಎನ್ನಿ. ಬಿ, ಬಿ ಹೈ, ಎ, ಎ ಟಾಪ್ ಎಂಬ ಈ ಮೆಟ್ಟಿಲುಗಳನ್ನು ಕಟ್ಟಿದ್ದು ಬಾನುಲಿಗಾಗಿ. ಆದರೆ ಸಭೆಗಳವರೂ ಇವನ್ನೇ ಅಳತೆಗೋಲಾಗಿ ಹಿಡಿದಿದ್ದಾರೆ. ಆಕೆ ಕಾರ್ಯದರ್ಶಿಗಳಿಗೆ ಪತ್ರ ಬರೆಯುತ್ತಾಳೆ, ಹಾಡಿದ್ದನ್ನು ಮುದ್ರಿಸಿ ಕಳುಹಿಸುತ್ತಾಳೆ. “ಈ ಮೊದಲು ಎಲ್ಲಿ ಹಾಡಿದ್ದೀರಿ?” ಎಂಬ ಪ್ರಶ್ನೆ ಬರುತ್ತದೆ. ಎಲ್ಲಿಯೂ ಕರೆಯದಿದ್ದರೆ ಎಲ್ಲಿ ಹಾಡಿಯಾಳು? ಈಜು ಕಲಿತ ಮೇಲೆ ನೀರಿಗಿಳಿ ಎಂದಂತಾಯಿತು.

ದಿನಾಂಕ ದೊರೆತರೂ ಬವಣೆ ಮುಗಿಯದು. ಪಿಟೀಲಿನವರಿಗೆ ಬಿಡುವಿದ್ದ ದಿನ ಮೃದಂಗದವರಿಗೆ ಇರುವುದಿಲ್ಲ. ಸಂಭಾವನೆಯ ಲಕೋಟೆ ಪಕ್ಕವಾದ್ಯದವರಿಗೆ ಹಂಚುವಷ್ಟರಲ್ಲಿ ಬರಿದಾಗುತ್ತದೆ. ಆಟೋರಿಕ್ಷಾದ ಬಾಡಿಗೆ ಮನೆಯ ದುಡ್ಡು. ಕಾಲಾವಕಾಶವೂ ಮೊಟಕು. ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್ಯರು ರೂಢಿಗೆ ತಂದ ಕಚೇರಿಯ ಕಟ್ಟು ವರ್ಣದಿಂದ ಮಂಗಳದವರೆಗೆ ಸಾವಕಾಶವಾಗಿ ಅರಳುವಂಥದು. ಕಿರಿಯರಿಗೆ ಅದನ್ನು ಒಂದೂವರೆ ಗಂಟೆಯಲ್ಲಿ ಮಡಿಸಿಡುವ ಕಷ್ಟ.

ಇದಕ್ಕಿಂತ ಕೆಟ್ಟದ್ದೂ ಉಂಟು. ನನ್ನ ಪರಿಚಯದ ವೈಣಿಕರೊಬ್ಬರಿಗೆ ಒಂದು ಸಭೆಯವರು, ಹೆಸರು ಬೇಡ, “ದಿನಾಂಕ ಕೊಡುತ್ತೇವೆ, ಪ್ರಾಯೋಜಕರನ್ನು ನೀವೇ ಕರೆತನ್ನಿ” ಎಂದರು. ಆಕೆ ಒಪ್ಪಲಿಲ್ಲ. ಇನ್ನಾರೋ ಒಪ್ಪಿದರು, ಕಚೇರಿ ನಡೆಯಿತು. ವಿದ್ಯೆಗೆ ಸಲ್ಲಬೇಕಾದ ವೇದಿಕೆ ಹಣಕ್ಕೆ ಸಂದಿತು.

ಕಾರ್ಯದರ್ಶಿಯನ್ನು ಬೈದು ಮುಗಿಸಿದರೆ ನ್ಯಾಯವಾಗದು. ಸಭಾಂಗಣದ ಬಾಡಿಗೆ, ಧ್ವನಿವರ್ಧಕ, ಮುದ್ರಣದ ಖರ್ಚು, ಕಲಾವಿದರಿಗೆ ಕಾಫಿ ತಿಂಡಿ, ಇವೆಲ್ಲ ಸದಸ್ಯರ ಚಂದಾದಿಂದಲೂ ದಾನಿಗಳ ಔದಾರ್ಯದಿಂದಲೂ ಹುಟ್ಟಬೇಕು. ದಾನಿಗಳು ಮೊದಲು ಕೇಳುವ ಪ್ರಶ್ನೆ, “ಜನ ಬರುತ್ತಾರೆಯೇ?” ನಮ್ಮ ಸಭೆಯಲ್ಲಿ ಕಿರಿಯರಿಗೆ ಐದು ಗಂಟೆಗೆ, ಹಿರಿಯರಿಗೆ ಆರೂಮುಕ್ಕಾಲಿಗೆ ಎಂದು ಗೊತ್ತುಮಾಡಿದೆವು. ಐದು ಗಂಟೆಗೆ ಕುಳಿತಿರುತ್ತಿದ್ದವರು ಗಾಯಕಿಯ ತಾಯಿ, ಗುರುಗಳು, ಒಂದಿಬ್ಬರು ಸಹಪಾಠಿಗಳು. ಆರೂವರೆಗೆ ಬಂದ ಮಹನೀಯರು ಬಾಗಿಲಲ್ಲಿ ನಿಂತು, “ಇನ್ನೂ ಮುಗಿಯಲಿಲ್ಲವೇ?” ಎಂದು ಗಡಿಯಾರ ನೋಡುತ್ತಿದ್ದರು. ಒಳಗೆ ತನಿ ಆವರ್ತನ ನಡೆಯುತ್ತಿತ್ತು. ಹದಿನೇಳರ ಹುಡುಗ ಮಿಶ್ರ ಚಾಪುವಿನಲ್ಲಿ ಜೀವ ಸುರಿದು ನುಡಿಸುತ್ತಿದ್ದ. ಆ ಖಾಲಿ ಕುರ್ಚಿಗಳ ಲೆಕ್ಕವೇ ಮುಂದಿನ ವರ್ಷದ ಸಮಿತಿಯಲ್ಲಿ ಅವರಿಬ್ಬರ ವಿರುದ್ಧ ಸಾಕ್ಷಿ ನುಡಿಯಿತು.

ನಾನು ಹೇಳಬೇಕೆಂದಿದ್ದ ನಂಟು ಇದೇ. ಕಚೇರಿಯನ್ನು ಗೊತ್ತುಮಾಡುವವರು ಕಾರ್ಯದರ್ಶಿಗಳೆಂದು ನಾವು ತಿಳಿದಿದ್ದೇವೆ. ನಿಜವಾಗಿ ಗೊತ್ತುಮಾಡುವವನು ಕುರ್ಚಿಯಲ್ಲಿ ಕುಳಿತ ಶ್ರೋತೃ. ಹೆಸರಾಂತವರ ಕಚೇರಿಗೆ ಅವನು ಬಾರದಿದ್ದರೆ ಯಾರಿಗೂ ನಷ್ಟವಿಲ್ಲ. ಹೆಸರಿಲ್ಲದವರ ಕಚೇರಿಗೆ ಅವನು ಬಂದರೆ ಅವರಿಗೆ ಎರಡನೆಯ ಕಚೇರಿ ಹುಟ್ಟುತ್ತದೆ.

ಸಭೆಯ ದಾರಿ ಇಕ್ಕಟ್ಟಾದಲ್ಲಿ ಮನೆಯ ದಾರಿ ಉಂಟು. ಮೂವತ್ತು ಜನ ಕೂರುವ ಹಜಾರವಿದ್ದವರು ವರ್ಷಕ್ಕೊಂದು ಕಚೇರಿ ಏರ್ಪಡಿಸಬಹುದು. ಹಾಡುವವರ ಜೊತೆಯಲ್ಲಿಯೇ ಪಿಟೀಲು, ಮೃದಂಗದವರ ಬಿಡುವನ್ನೂ ವಿಚಾರಿಸಿ ದಿನ ಗೊತ್ತುಮಾಡಿ. ಸಂಭಾವನೆಯನ್ನು ಮೂವರಿಗೂ ಮೊದಲೇ ಬಾಯಿಬಿಟ್ಟು ಹೇಳಿ. ಸಂಕೋಚದಿಂದ ಕೆಡುವುದೇ ಹೆಚ್ಚು. ಅಷ್ಟು ಸಣ್ಣ ಜಾಗಕ್ಕೆ ಧ್ವನಿವರ್ಧಕ ಬೇಡ. ತಂಬೂರಿಯ ನಾದ ಬರಿಗಿವಿಗೆ ಕೇಳಿದರೆ ಅದೇ ಭಾಗ್ಯ. ಹೇಳಿದ ಹೊತ್ತಿಗೆ ಆರಂಭಿಸಿ. ಊಟದ ಮಾತು ಮಂಗಳದ ಅನಂತರವಿರಲಿ.

ಮನೆಯಲ್ಲಿ ಅನುಕೂಲವಿಲ್ಲದವರು ಇಷ್ಟು ಮಾಡಿದರೂ ಸಾಕು. ತಿಂಗಳಿಗೊಂದು ಸಂಜೆ, ಎಂದೂ ಹೆಸರು ಕೇಳದ ಒಬ್ಬರ ಕಚೇರಿಗೆ ಐದು ಗಂಟೆಗೇ ಹೋಗಿ ಕುಳಿತುಕೊಳ್ಳಿ. ತನಿ ಮುಗಿಯುವವರೆಗೆ ಏಳಬೇಡಿ. ಹಿಡಿಸಿದರೆ, ಹೊರಡುವಾಗ ಕಾರ್ಯದರ್ಶಿಗಳನ್ನು ಹುಡುಕಿ, “ಇವರನ್ನು ಮತ್ತೆ ಕರೆಯಿರಿ” ಎಂದು ಒಂದು ಮಾತು ಹೇಳಿ. ಸಮಿತಿಯ ಮೇಜಿನ ಈಚೆ ಕುಳಿತಿದ್ದವನಾಗಿ ಹೇಳುತ್ತೇನೆ: ಆ ಒಂದು ಮಾತಿಗೆ ಹತ್ತು ಶಿಫಾರಸು ಪತ್ರಗಳ ತೂಕವುಂಟು.