ನೀರು ಹುಯ್ಯುವವರು ಯಾರು?

ಇವತ್ತಿನ ವಿಷಯ ‘ಸ್ನಾನ’ ಎಂದಾಗ ಮುಂದಿನ ಸಾಲಿನಲ್ಲಿ ಒಂದಿಬ್ಬರು ನಕ್ಕದ್ದನ್ನು ಕಂಡೆ. ನಗುವಂಥದ್ದೇ. ದಿನಾ ಮಾಡುವ ಕೆಲಸಕ್ಕೆ ಉಪನ್ಯಾಸ ಯಾಕೆ? ದಿನಾ ಆಡುವ ಮಾತನ್ನು ನಾವು ಕೇಳಿಸಿಕೊಳ್ಳುವುದು ಕಡಿಮೆ, ಅದಕ್ಕೆ.

ನಮ್ಮ ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ‘ಸ್ನಾನ ಮಾಡಿದೆ’ ಎಂದಷ್ಟೇ ಸಲೀಸಾಗಿ ‘ನೀರು ಹುಯ್ಕೊಂಡೆ’ ಅನ್ನುತ್ತೇವೆ. ಧಾರವಾಡ, ಕಲಬುರಗಿಯಲ್ಲಿ ಜಳಕ. ಕರಾವಳಿಯ ಕಡೆಗೆ ಇಳಿದರೆ ಮೀಯುತ್ತಾರೆ. ಈ ‘ಮೀ’ ಬಹಳ ಹಳೆಯ ಮಾತು, ತುಳುವಿನಲ್ಲೂ ಇದೆ. ನಮ್ಮಲ್ಲಿ ಅದು ಉಳಿದಿರುವುದು ಹೆಚ್ಚಾಗಿ ಪತ್ರಿಕೆಯ ಜಾತ್ರೆ ವರದಿಯಲ್ಲಿ. ‘ಭಕ್ತಿಯಲ್ಲಿ ಮಿಂದೆದ್ದ ಜನ’ ಎಂದು ಬರೆಯುತ್ತಾರೆ, ಒಬ್ಬರ ಮೈಯೂ ಒದ್ದೆಯಾಗಿರುವುದಿಲ್ಲ.

ಸಂಸ್ಕೃತದ ಸ್ನಾನ ಓದಿನ ಮನೆಗೂ ಹೊಕ್ಕಿದೆ. ಗುರುಕುಲದ ಓದು ಮುಗಿಸಿ, ವಿಧಿಯಂತೆ ಮಿಂದು ಬಂದವನು ಸ್ನಾತಕ. ಅದರ ಮೇಲಿನ ಓದು ಸ್ನಾತಕೋತ್ತರ. ‘ನಿಷ್ಣಾತ’ ಎನ್ನುವುದೂ ಅದೇ ಧಾತುವಿನಿಂದ ಬಂದದ್ದು, ವಿಷಯದಲ್ಲಿ ಚೆನ್ನಾಗಿ ಮುಳುಗಿದವನು. ಇನ್ನು ಕಾಕಸ್ನಾನ, ಹಬೆಸ್ನಾನ, ಸೂರ್ಯಸ್ನಾನ ಎಲ್ಲ ನಿಮಗೆ ಗೊತ್ತಿರುವವೇ.

ನನ್ನನ್ನು ಹಿಡಿದು ನಿಲ್ಲಿಸಿರುವುದು ‘ಹುಯ್ಕೊಂಡೆ’ ಎಂಬುದರ ಒಳಗಿರುವ ‘ಕೊ’. ಮಳೆ ಹುಯ್ಯುತ್ತೆ, ದೋಸೆ ಹುಯ್ಯುತ್ತೇವೆ, ತೆಂಗಿನ ಸಸಿಗೆ ನೀರು ಹುಯ್ಯುತ್ತೇವೆ. ನಮಗೆ ನಾವೇ ಹುಯ್ದರೆ ಮಾತ್ರ ‘ಹುಯ್ಕೊ’. ಅಂದರೆ ನೀರು ಹುಯ್ಯುವವರು ಬೇರೆ, ಹುಯ್ಯಿಸಿಕೊಳ್ಳುವವರು ಬೇರೆ ಆಗಿರುವುದೂ ಉಂಟು ಎಂಬ ತಿಳಿವಳಿಕೆ ಮಾತಿನೊಳಗೇ ಇದೆ. ಮಗುವಿಗೆ, ಬಾಣಂತಿಗೆ, ಮದುಮಕ್ಕಳಿಗೆ, ಹಬ್ಬದ ದಿನ ಎಣ್ಣೆ ಹಚ್ಚಿಸಿಕೊಂಡು ಕೂತ ಗಂಡಸಿಗೆ, ಕೊನೆಗೆ ಹೆಣಕ್ಕೆ, ಎಲ್ಲರಿಗೂ ಇನ್ನೊಬ್ಬರೇ ಹುಯ್ಯಬೇಕು. ಒಬ್ಬರೇ ಬಾಗಿಲು ಹಾಕಿಕೊಂಡು ಮುಗಿಸುವ ಸ್ನಾನವನ್ನೇ ಸ್ನಾನವೆಂದುಕೊಂಡಿರುವುದು ಈಚಿನ ತಲೆಮಾರು.

ಎಳೆಗೂಸಿಗೆ ನೀರು ಹಾಕುವ ಅಜ್ಜಿಯನ್ನು ನೋಡಿ. ಬಚ್ಚಲಲ್ಲಿ ಮಣೆ ಹಾಕಿಕೊಂಡು ಎರಡೂ ಕಾಲು ಚಾಚುತ್ತಾಳೆ. ಮೊಣಕಾಲಿನಿಂದ ಕೆಳಗೆ ಮಗುವಿನ ಹಾಸಿಗೆ. ನೀರಿನ ಬಿಸಿಯನ್ನು ಬೆರಳಲ್ಲಿ ನೋಡುವುದಿಲ್ಲ, ದುಡಿದ ಬೆರಳಿಗೆ ಬಿಸಿ ತಿಳಿಯದು. ಮೊಣಕೈ ಅದ್ದಿ ನೋಡುತ್ತಾಳೆ. ತಲೆಗೆ ಹುಯ್ಯುವಾಗ ಎಡಗೈಯನ್ನು ಹುಬ್ಬಿನ ಮೇಲೆ ಅಡ್ಡ ಹಿಡಿದರೆ ಒಂದು ಹನಿಯೂ ಕಣ್ಣಿಗೆ ಇಳಿಯದು. ಮಗುಚಿ ಹಾಕಿ ಬೆನ್ನಿಗೆ ಹುಯ್ದು, ಕಡೆಯ ಚೊಂಬು ನೀರನ್ನು ಮಗುವಿನ ಸುತ್ತ ಇಳಿ ತೆಗೆದು ಚೆಲ್ಲುತ್ತಾಳೆ. ಆಮೇಲೆ ಸಾಂಬ್ರಾಣಿ ಹೊಗೆ. ಇನ್ನು ದೊಡ್ಡವರ ಹಬ್ಬದ ಎಣ್ಣೆನೀರಿಗೆ ಬಂದರೆ, ಕೊಬ್ಬರಿ ಸೀಮೆಯವರಾದ ನಮ್ಮಲ್ಲೂ ಯುಗಾದಿಯ ತಲೆಗೆ ಮಾತ್ರ ಹರಳೆಣ್ಣೆಯೇ ಆಗಬೇಕು. ಯಾಕೆಂದು ಕೇಳಿದರೆ ಉಷ್ಣ ಇಳಿಯುತ್ತೆ ಅನ್ನುತ್ತಾರೆ. ನಮ್ಮ ತೆಂಗಿಗೆ ಅವಮಾನವಾಯಿತೆಂದು ಯಾರೂ ತಿಳಿಯಲಿಲ್ಲ!

ಹೀಗೆ ಇನ್ನೊಬ್ಬರಿಗೆ ನೀರು ಹುಯ್ಯುವುದಕ್ಕೆ ಹಳೆಯ ಮಾತು ‘ಎರೆ’. ವಚನಕಾರರು ಲಿಂಗಕ್ಕೆ ಮಜ್ಜನಕ್ಕೆರೆದರು. ಮದುವೆಯಲ್ಲಿ ಧಾರೆ ಎರೆಯುತ್ತೇವೆ. ತೆಂಗಿನಕಾಯಿ ಹಿಡಿದ ಕೈಗಳ ಮೇಲೆ ನೀರು ಬಿದ್ದರೆ ಹೆಣ್ಣು ಇನ್ನೊಂದು ಮನೆಯವಳು. ಕರಗಿದ ಲೋಹವನ್ನು ಅಚ್ಚಿಗೆ ಎರೆದರೆ ಎರಕ. ಯಾರು ಎರೆದರು ಎನ್ನುವುದೇ ಕತೆಯಾಗಿರುವುದು ಶ್ರವಣಬೆಳಗೊಳದಲ್ಲಿ. ಚಾವುಂಡರಾಯ ಬೆಟ್ಟದ ಮೇಲೆ ಗೊಮ್ಮಟನನ್ನು ನಿಲ್ಲಿಸಿ ಕೊಡಗಟ್ಟಲೆ ಹಾಲು ಎರೆಸಿದ, ಹಾಲು ಸೊಂಟದಿಂದ ಕೆಳಗೆ ಇಳಿಯಲಿಲ್ಲ. ಮುದುಕಿಯೊಬ್ಬಳು ಗುಳ್ಳಕಾಯಿಯಷ್ಟು ಹಾಲು ತಂದು ಎರೆದಳು, ಪಾದ ತೋಯ್ದು ಬೆಟ್ಟವೂ ತೋಯಿತು. ದೊರೆಯ ಮಂತ್ರಿ ಕೆತ್ತಿಸಿದ ಮೂರ್ತಿಯ ಎದುರಿಗೇ ಇವತ್ತು ಗುಳ್ಳಕಾಯಜ್ಜಿಯ ಶಿಲೆ ನಿಂತಿದೆ. ಹನ್ನೆರಡು ವರ್ಷಕ್ಕೊಮ್ಮೆ ನಡೆಯುವ ಮಹಾಮಸ್ತಕಾಭಿಷೇಕ ಕಳೆದ ಸಲ ನಡೆದದ್ದು 2018ರಲ್ಲಿ. ಆಗಲೂ ಮೊದಲ ಕಳಶ ಯಾರದು ಎಂಬ ಕುತೂಹಲ ಇದ್ದೇ ಇತ್ತು.

ಹೆಣ್ಣುಮಕ್ಕಳ ಮಾತಿನಲ್ಲಿ ಸ್ನಾನಕ್ಕೆ ಇನ್ನೊಂದು ಪದರ. ‘ತಲೆಗೆ ನೀರು ಹಾಕ್ಕೊಂಡ್ಲು’ ಎಂದರೆ ತಿಂಗಳ ದಿನಗಳು ಕಳೆದವು ಎಂದು ಕೇಳಿದವರಿಗೆ ಗೊತ್ತಾಗುತ್ತದೆ. ನಮ್ಮ ಜಿಲ್ಲೆಯದೇ ಆದ ಪಾವಗಡದ ಕಡೆ ತೆಲುಗರ ಮನೆಯಲ್ಲಿ ‘ನೀಳ್ಳೋಸುಕುಂದಿ’ ಎಂದು ಕೇಳಿದರೆ ಮಾತ್ರ ಸೋಪು ಟವೆಲ್ ಕೊಡಲು ಓಡಬೇಡಿ. ಅಕ್ಷರಕ್ಕೆ ಅಕ್ಷರ ನಮ್ಮ ‘ನೀರು ಹುಯ್ಕೊಂಡಳು’ ಎಂಬುದೇ ಆದರೂ ಆಕೆ ಬಸುರಿ ಎಂದು ಅರ್ಥ. ತಮಿಳರು ಅದನ್ನೇ ತಿರುಗಿಸಿ ‘ಮುಳುಗಾಮ ಇರುಕ್ಕಾ’, ಮೀಯದೆ ಇದ್ದಾಳೆ ಅನ್ನುತ್ತಾರೆ. ಒಬ್ಬರಿಗೆ ನೀರು ಬಿದ್ದದ್ದು ಸುದ್ದಿ, ಇನ್ನೊಬ್ಬರಿಗೆ ನೀರು ಬೀಳದಿದ್ದದ್ದು.

ಸಾವಿನ ಮನೆಯಲ್ಲಿ ಸ್ನಾನ ನಂಟಿನ ಅಳತೆಗೋಲು. ಸೂತಕ ಲೆಕ್ಕ ಹಾಕುವ ಮನೆಗಳಲ್ಲಿ ದೂರದ ದಾಯಾದಿ ತೀರಿಕೊಂಡ ಸುದ್ದಿ ಬಂದರೆ ‘ನಮಗೆ ಸೂತಕ ಇಲ್ಲ, ಬರೀ ಸ್ನಾನ’ ಅನ್ನುತ್ತಾರೆ. ಎರಡು ಮನೆಗಳ ನಡುವೆ ಉಳಿದಿರುವ ಸಂಬಂಧ ನಾಲ್ಕು ಚೊಂಬು ನೀರಿನಷ್ಟು.

ನೀರೇ ಇಲ್ಲದ ಸ್ನಾನವೂ ಒಂದಿತ್ತು. ಕುಕ್ಕೆ ಸುಬ್ರಹ್ಮಣ್ಯದ ಮಡೆಸ್ನಾನ, ಬ್ರಾಹ್ಮಣರು ಉಂಡೆದ್ದ ಎಂಜಲೆಲೆಯ ಮೇಲೆ ಉರುಳುವುದು. ‘ಸ್ನಾನ’ ಎಂಬ ಮರ್ಯಾದೆಯ ಹೆಸರು ಅಂಟಿಸಿದ್ದರಿಂದಲೇ ಅದು ಅಷ್ಟು ಕಾಲ ಬಾಳಿತು ಎಂದು ನನ್ನ ಅನಿಸಿಕೆ. 2017ರಲ್ಲಿ ರಾಜ್ಯದ ಶಾಸನಸಭೆ ಒಪ್ಪಿದ ಅಮಾನವೀಯ ದುಷ್ಟ ಪದ್ಧತಿಗಳ ತಡೆ ಕಾನೂನು ಅದನ್ನು ನಿಷೇಧಿಸಿತು, 2020ರ ಜನವರಿಯಲ್ಲಿ ಆ ಕಾನೂನು ಜಾರಿಗೆ ಬಂತು. ಮಡೆ ಎಂದರೆ ಎಂಜಲು. ಮೈ ತೊಳೆಯುವ ಮಾತಿಗೆ ಎಂಜಲನ್ನು ಜೋಡಿಸುವುದಕ್ಕೆ ಜಾತಿಯ ಬಲ ಬೇಕಾಯಿತು.

ನಮ್ಮ ಬಚ್ಚಲಿಗೇ ಬರೋಣ. ದೀಪಾವಳಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಹಂಡೆಯನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು, ಹೂ ಮುಡಿಸಿ, ಗಂಗಮ್ಮನೆಂದು ಕೈಮುಗಿದು ನೀರು ತುಂಬುವುದು. ಒಲೆಗೆ ತೆಂಗಿನ ಸೋಗೆ, ಮಟ್ಟೆ, ಚಿಪ್ಪು, ಸೌದೆಗೆ ಕಾಸು ಕೊಡಬೇಕಿರಲಿಲ್ಲ. ಈಗ ಮಟ್ಟೆ ನಾರಿನ ಕಾರ್ಖಾನೆಗೆ ಹೋಗುತ್ತದೆ, ಚಿಪ್ಪು ಇದ್ದಿಲಿಗೆ. ಸೂರಿನ ಮೇಲೆ ಸೋಲಾರ್ ಬಂದಿದೆ, ಹಂಡೆ ಗುಜರಿಗೆ ಹೋಗಿದೆ ಇಲ್ಲವೇ ಹೂಕುಂಡವಾಗಿದೆ. ನನಗೆ ಇದರಲ್ಲಿ ಗೋಳಾಡುವಂಥದ್ದು ಕಾಣುವುದಿಲ್ಲ. ಆ ಹೊಗೆಯಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡು ಊದುತ್ತ ಕೂತವರು ನಾವು ಗಂಡಸರಲ್ಲ.

ಆದರೆ ಎರೆಯುವ ಕೆಲಸ ನಿಂತಿಲ್ಲ, ಸಂಬಳದ್ದಾಗಿದೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಮಗುವಿಗೆ, ಬಾಣಂತಿಗೆ ನೀರು ಹಾಕಲು ಬೆಳಿಗ್ಗೆ ಮನೆಯಿಂದ ಮನೆಗೆ ಹೋಗುವ ಹೆಂಗಸರಿದ್ದಾರೆ. ಊರಿನಿಂದ ಅಜ್ಜಿ ಬರಲಾಗದ ಮನೆಗೆ ಅವರೇ ಅಜ್ಜಿ. ಗಡಿಯಾರ ನೋಡಿಕೊಂಡು, ಅದೇ ಚಾಚಿದ ಕಾಲು, ಅದೇ ಮೊಣಕೈ. ಹುಯ್ದು, ಒರೆಸಿ, ಹೊಗೆ ಹಾಕಿ, ತಿಂಗಳ ಲೆಕ್ಕ ಮಾತಾಡಿ ಮುಂದಿನ ಮನೆಗೆ ಹೋಗುತ್ತಾರೆ. ಅವರ ಕೆಲಸಕ್ಕೆ ಹೊಸ ಹೆಸರೇನೂ ಬಂದಿಲ್ಲ. ‘ನೀರು ಹಾಕೋರು ಬಂದ್ರು’ ಅಂತಲೇ ಬಾಗಿಲು ತೆಗೆಯುತ್ತಾರೆ.