ಹೂವರಳಿದ ಮೇಲಣ ಚಳಿ



ಹಣ್ಣಿನ ಮರಕ್ಕೆ ಮಾಗಿಯ ಚಳಿಯ ಭಯವು ಅಷ್ಟಿಲ್ಲ. ಆಗ ಅದು ನಿದ್ರಿಸುತ್ತಿರುವುದು. ಹೂವರಳಿದ ಮೇಲೆ ಬರುವ ಚಳಿಯೇ ಮೃತ್ಯುಪ್ರಾಯವಾದುದು. ಫ್ರಾನ್ಸ್ ದೇಶದಲ್ಲಿ 2021ರ ಮಾರ್ಚ್ ತಿಂಗಳ ಕಡೆಯ ದಿನಗಳು ಅಕಾಲದಲ್ಲಿ ಬೆಚ್ಚಗಾದುವು. ರೋನ್ ಕಣಿವೆಯ ಜರ್ದಾಲು ಗಿಡಗಳು ಬೇಗನೆ ಕಾಯಿಗಟ್ಟಿದುವು. ಏಪ್ರಿಲ್ 7-8ರ ಇರುಳು ಉಷ್ಣಮಾನವು ಸೊನ್ನೆಗಿಂತ ಕೆಳಗಿಳಿಯಿತು. ಒಂದೆರಡು ಡಿಗ್ರಿ ಇಳಿದರೂ ಸಾಕು, ಎಳೆಗಾಯಿಯ ಒಳಗು ಕಪ್ಪಾಗುವುದು.

ರಕ್ಷಣೋಪಾಯಗಳು ಇಲ್ಲದಿಲ್ಲ. ಇರುಳೆಲ್ಲ ನೀರನ್ನು ಸಿಂಪಡಿಸಿದರೆ ಅದು ಹೆಪ್ಪುಗಟ್ಟುವಾಗ ಗ್ರಾಮೊಂದಕ್ಕೆ 80 ಕ್ಯಾಲರಿ ಶಾಖವನ್ನು ಬಿಡುವುದು. ವಿಚಿತ್ರವೆನಿಸಿದರೂ ಮಂಜುಗಡ್ಡೆಯೇ ಕಾಯಿಗೆ ಹೊದಿಕೆಯಾಗುವುದು. ನಡುವೆ ನೀರು ನಿಂತಿತೋ, ಸುಮ್ಮನಿದ್ದುದಕ್ಕಿಂತಲೂ ಹೆಚ್ಚು ಹಾನಿ. ನೀರಿಲ್ಲದವನು ಮೇಣ ತುಂಬಿದ ಡಬ್ಬಿಗಳನ್ನು ಸಾಲುಸಾಲಾಗಿ ಉರಿಸಬೇಕು: ಹೆಕ್ಟೇರಿಗೆ ಮುನ್ನೂರು ನಾನೂರು, ರಾತ್ರಿಯೊಂದಕ್ಕೆ ಸಾವಿರಾರು ಯೂರೋ ವೆಚ್ಚ. ಸಣ್ಣ ಒಕ್ಕಲಿಗನ ಸಂಕಟವಿರುವುದು ಇಲ್ಲಿಯೇ. ಇದ್ದುದನ್ನೆಲ್ಲ ಇಂದೇ ಹಚ್ಚಿದರೆ ನಾಳಿನ ರಾತ್ರಿಗೇನು ಗತಿ? ಉಳಿಸಿಟ್ಟರೆ ಇಂದೇ ಬೆಳೆಯು ಹೋದೀತು. ಉಳಿದ ಹಣ್ಣಿಗಾದರೂ ಪೇಟೆಯ ಧಾರಣೆ ಏನಾದೀತೆಂದು ಬಲ್ಲವರಾರು?

ಡಬ್ಬಿ ಹಚ್ಚಿದವರ ತೋಟಗಳೂ ಅನೇಕ ಹಾಳಾದುವು. ಸರಕಾರವು ನೂರು ಕೋಟಿ ಯೂರೋ ನೆರವನ್ನು ಸಾರಿತು. ಫಲವಿಲ್ಲದ ಆ ಗಿಡಗಳಿಗೂ ಮುಂದಿನ ವರ್ಷದ ಸಲುವಾಗಿ ಸವರುವ ಕೆಲಸ, ನೀರು, ಗೊಬ್ಬರ ತಪ್ಪಲಿಲ್ಲ.